ಬಂಡೆಯೂರಿನ ರತ್ನ, ಚಾಂಗಾನಿನ ಚಂದ್ರ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ರೈಲು ಬಿಡದಿ ದಾಟುತ್ತಿದ್ದಂತೆ ಬಯಲು ಮುಗಿದು ಬಂಡೆಗಳು ಏಳುತ್ತವೆ. ಯಾರೋ ಒಂದರ ಮೇಲೊಂದು ಎತ್ತಿಟ್ಟು ಮರೆತು ಹೋದ ಹಾಗೆ ನಿಂತ ಗುಂಡುಗಳು, ಸಂದಿಯಲ್ಲಿ ಕುರುಚಲು ಗಿಡ, ಕೆಳಗೆ ಅರ್ಕಾವತಿ. ಭೂಗರ್ಭ ಶಾಸ್ತ್ರಜ್ಞರು ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಕಲ್ಲಿನ ಹೆಸರು ಹಾಗೇ ಉಳಿಯಿತು, ಊರಿನ ಹೆಸರು ಬದಲಾಗುತ್ತ ಬಂತು. ಟಿಪ್ಪುವಿನ ಕಾಲಕ್ಕೆ ಶಂಸೇರಾಬಾದ್, ಟಿಪ್ಪು ಮಡಿದ ಮೇಲೆ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡು ಅದೇ ಹೆಸರಿನ ಜಿಲ್ಲೆಯಾಯಿತು; 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣ ಎನಿಸಿಕೊಂಡಿತು.

ಚೀನೀಯರು ನಿಸರ್ಗದ ಕವಿತೆಗೂ ನಿಸರ್ಗದ ಚಿತ್ರಕ್ಕೂ ಒಂದೇ ಹೆಸರು ಇಟ್ಟುಕೊಂಡಿದ್ದಾರೆ: ಷಾನ್-ಷುಯ್. ಷಾನ್ ಎಂದರೆ ಬೆಟ್ಟ, ಷುಯ್ ಎಂದರೆ ನೀರು. ಬೆಟ್ಟ, ನೀರು ಎರಡಿದ್ದರೆ ಸಾಕು, ಕವಿಗೆ ಇನ್ನೇನೂ ಬೇಡ. ಆ ಲೆಕ್ಕದಲ್ಲಿ ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ, ಕನಕಪುರದಾಚೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ, ಇವೆಲ್ಲ ಕವಿತೆಗಾಗಿ ಕಾದು ಕೂತ ಜಾಗಗಳು. ಆದರೆ ಕನ್ನಡದಲ್ಲಿ ನಿಸರ್ಗ ಕವಿತೆ ಹೊಸದಾಗಿ ಹುಟ್ಟಿದಾಗ ಅದು ಮಲೆನಾಡಿನ ಕಾಡಿಗೆ ಹೋಯಿತು, ಧಾರವಾಡದ ಮಳೆಗೆ ಹೋಯಿತು. ಈ ಬಂಡೆಗಳ ಊರು ಕೊಟ್ಟದ್ದು ಬೇರೊಂದನ್ನು: ಒಬ್ಬ ಕವಿಯನ್ನು. ಗುಂಡ್ಲುಪೇಟೆಯ ಪಂಡಿತರ ಮನೆತನವನ್ನು ಹೆಸರಿನ ಮುಂದೆ ಹೊತ್ತ ಜಿ.ಪಿ. ರಾಜರತ್ನಂ ಹುಟ್ಟಿದ್ದು ಇಲ್ಲಿ, ಇದು ಇನ್ನೂ ಕ್ಲೋಸ್‌ಪೇಟೆಯಾಗಿದ್ದ ಕಾಲದಲ್ಲಿ.

ರಾಜರತ್ನಂ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ತುತ್ತೂರಿಯ ಶಿಶುಗೀತೆ, ಇಲ್ಲವೇ ಹೆಂಡಗುಡುಕ ರತ್ನ. ಅವರ ಪುಸ್ತಕಗಳ ಸಾಲಿನಲ್ಲಿ ‘ಚೀನಾದೇಶದ ಬೌದ್ಧ ಯಾತ್ರಿಕರು’ ಎಂಬುದೊಂದಿದೆ. ಅದನ್ನು ನೆನೆಯುವವರು ಕಡಿಮೆ. ಕುಡುಕನ ಹಾಡನ್ನೂ ಚೀನಾದ ಯಾತ್ರಿಕರ ಕಥೆಯನ್ನೂ ಬರೆದದ್ದು ಒಂದೇ ಕೈ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಕನ್ನಡದ ರಮ್ಯ ಕಾವ್ಯದ ಚರಿತ್ರೆ ನನಗೆ ಬೇರೆಯೇ ಆಗಿ ಕಂಡಿತು. ಅದನ್ನು ಹೇಳಬೇಕಾದರೆ ಸಾವಿರದ ಆರುನೂರು ವರ್ಷ ಹಿಂದಕ್ಕೆ, ಚೀನಾಕ್ಕೆ ಹೋಗಬೇಕು.

ಕ್ರಿ.ಶ. 399ರಲ್ಲಿ ಫಾಹಿಯಾನ್ ಎಂಬ ಭಿಕ್ಷು ಚಾಂಗಾನ್ ನಗರದಿಂದ ಭಾರತಕ್ಕೆ ಹೊರಟ. ಆಗಲೇ ಅವನಿಗೆ ಅರವತ್ತು ದಾಟಿತ್ತು ಎನ್ನುತ್ತಾರೆ. ಮರಳುಗಾಡು, ಹಿಮದ ಕಣಿವೆಗಳನ್ನು ದಾಟಿ ಬಂದು, ಪಾಟಲಿಪುತ್ರದಲ್ಲಿ ಸಂಸ್ಕೃತ ಕಲಿತು, ಭಿಕ್ಷುಗಳ ನಡತೆಯ ನಿಯಮಗಳಾದ ವಿನಯದ ಗ್ರಂಥಗಳನ್ನು ಪ್ರತಿಮಾಡಿಕೊಂಡು, ಸಿಂಹಳದ ಮೂಲಕ ಹಡಗು ಹತ್ತಿ, ಬಿರುಗಾಳಿಗೆ ಸಿಕ್ಕಿ, 412ರಲ್ಲಿ ತನ್ನ ದೇಶದ ಕರಾವಳಿ ಮುಟ್ಟಿದ. ಅವನು ತಂದ ಕಥೆಗಳಲ್ಲಿ ಒಂದು ನಗರಹಾರದ ಗುಹೆಯದು. ಈಗಿನ ಅಫ್ಘಾನಿಸ್ತಾನದಲ್ಲಿದ್ದ ಆ ಗುಹೆಯ ಗೋಡೆಯ ಮೇಲೆ ಬುದ್ಧ ತನ್ನ ನೆರಳನ್ನು ಬಿಟ್ಟು ಹೋಗಿದ್ದಾನೆ, ದೂರದಿಂದ ಕಾಣುತ್ತದೆ, ಹತ್ತಿರ ಹೋದರೆ ಮಾಸುತ್ತದೆ ಎಂಬುದು ಯಾತ್ರಿಕರ ನಂಬಿಕೆ. ದಕ್ಷಿಣ ಚೀನಾದ ಲು ಬೆಟ್ಟದಲ್ಲಿ ಹುಯಿಯುವಾನ್ ಎಂಬ ಹಿರಿಯ ಭಿಕ್ಷು ಆ ನೆರಳಿನ ಪ್ರತಿರೂಪವನ್ನು ಬರೆಸಿ, ಬೆಟ್ಟದ ಮಗ್ಗುಲಲ್ಲಿ ಗುಡಿ ಕಟ್ಟಿಸಿದ. ಅದಕ್ಕೆ ಶಾಸನ ಬರೆದುಕೊಟ್ಟವನು ಷಿಯೆ ಲಿಂಗ್‌ಯುನ್. ಫಾಹಿಯಾನ್ ತಂದ ಸುದ್ದಿಯನ್ನು ಅವನು ಆ ಬರಹದಲ್ಲಿ ನೆನೆದಿದ್ದಾನೆ.

ಈ ಷಿಯೆ ಲಿಂಗ್‌ಯುನ್‌ನನ್ನೇ ಚೀನೀಯರು ಷಾನ್-ಷುಯ್ ಕಾವ್ಯದ ಮೂಲಪುರುಷ ಎನ್ನುವುದು. 385ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿದವನು. ರಾಜಧಾನಿಯ ಜಗಳದಲ್ಲಿ ಸೋತು 422ರಲ್ಲಿ ಕರಾವಳಿಯ ಯೊಂಗ್‌ಜಿಯಾ ಸೀಮೆಗೆ ಅಧಿಕಾರಿಯಾಗಿ ದೂಡಿಸಿಕೊಂಡ. ಕಚೇರಿಯಲ್ಲಿ ಕೂರಲಿಲ್ಲ, ಬೆಟ್ಟ ಹತ್ತಿದ. ಹತ್ತುವಾಗ ಮುಂದಿನ ಹಲ್ಲನ್ನೂ ಇಳಿಯುವಾಗ ಹಿಂದಿನ ಹಲ್ಲನ್ನೂ ಕಳಚಿಡಬಹುದಾದ ಮರದ ಹಾವುಗೆ ಅವನದೇ ಎಂದು ಪ್ರಸಿದ್ಧಿ. ಮುನ್ನೂರು ವರ್ಷದ ನಂತರವೂ ಕವಿಗಳು ಆ ಹಾವುಗೆಯನ್ನು ನೆನೆಯುತ್ತಿದ್ದರು. ಪರಿನಿರ್ವಾಣ ಸೂತ್ರದ ಚೀನೀ ಅನುವಾದವನ್ನು ತಿದ್ದುವ ಕೆಲಸದಲ್ಲಿಯೂ ಅವನ ಕೈಯಿತ್ತು. ಕೊನೆಗೆ ದ್ರೋಹದ ಆಪಾದನೆ ಬಂದು 433ರಲ್ಲಿ ಅವನ ತಲೆ ತೆಗೆದರು. ಬೆಟ್ಟವನ್ನು ಅಲಂಕಾರಕ್ಕೆಂದು ನೋಡದೆ, ನಡೆದು, ಉಸಿರು ಬಿಟ್ಟು, ಕತ್ತಲಾಗುವ ಮುನ್ನ ಇಳಿಯಬೇಕೆಂಬ ಆತಂಕದಲ್ಲಿ ನೋಡಿದ ಮೊದಲ ದೊಡ್ಡ ಕವಿ ಆತ.

ಅದೇ ಲು ಬೆಟ್ಟದ ಬುಡದಲ್ಲಿ ಅವನಿಗಿಂತ ಹಿರಿಯನಾದ ತಾವೊ ಯುವಾನ್‌ಮಿಂಗ್ ಇದ್ದ. 405ರಲ್ಲಿ ಸಿಕ್ಕಿದ್ದ ಸಣ್ಣ ಅಧಿಕಾರವನ್ನು ಎಂಬತ್ತು ದಿನಕ್ಕೇ ಬಿಟ್ಟು ಮನೆಗೆ ಬಂದುಬಿಟ್ಟವನು. ಮೇಲಿನ ಅಧಿಕಾರಿಗೆ ಸೊಂಟ ಬಗ್ಗಿಸುವುದಕ್ಕೆ ಐದು ಕೊಳಗ ಅಕ್ಕಿಯ ಸಂಬಳ ಸಾಲದು ಎಂದನಂತೆ. ಹೊಲ ಮಾಡಿದ, ಸೇವಂತಿಗೆ ಬೆಳೆದ, ಹೆಂಡ ಕುಡಿದ, ಕುಡಿತದ ಮೇಲೆಯೇ ಇಪ್ಪತ್ತು ಕವಿತೆ ಬರೆದ. ಬಡತನ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಚೀನಾದ ನಿಸರ್ಗ ಕಾವ್ಯದಲ್ಲಿ ಹೆಂಡ ಬಂದದ್ದು ಹೀಗೆ, ಭೋಗವಾಗಿ ಅಲ್ಲ. ಅಧಿಕಾರವನ್ನು ಬಿಟ್ಟು ಬಂದೆ ಎಂಬುದಕ್ಕೆ ಗುರುತು ಅದು. ಕುಡಿದವನಿಗೆ ಪದವಿಯಿಲ್ಲ, ಆದ್ದರಿಂದ ಬೆಟ್ಟ ಅವನಿಗೆ ಬೆಟ್ಟವಾಗಿಯೇ ಕಾಣುತ್ತದೆ.

ಮುನ್ನೂರು ವರ್ಷ ಕಳೆದು ತಾಂಗ್ ವಂಶದ ಕಾಲಕ್ಕೆ ಈ ಎರಡು ಹಾದಿಗಳೂ ದೊಡ್ಡವಾದವು. ಬೌದ್ಧ ಶಾಂತಿಯ ಹಾದಿ ಹಿಡಿದವನು ವಾಂಗ್ ವೇಯ್. ಅವನ ಹೆಸರಿನಲ್ಲಿಯೇ ಭಾರತವಿದೆ: ವೇಯ್ ಎಂಬ ಹೆಸರನ್ನೂ ಮೊಜಿಯೆ ಎಂಬ ಉಪನಾಮವನ್ನೂ ಕೂಡಿಸಿ ಓದಿದರೆ ವಿಮಲಕೀರ್ತಿ, ವೈಶಾಲಿಯ ಆ ಗೃಹಸ್ಥ ಜ್ಞಾನಿ. ಖಾಲಿ ಬೆಟ್ಟ, ಎಲ್ಲಿಂದಲೋ ಬರುವ ಮನುಷ್ಯನ ದನಿ, ಪಾಚಿಯ ಮೇಲೆ ಬಿದ್ದ ಸಂಜೆಯ ಬಿಸಿಲು, ಇಷ್ಟರಲ್ಲೇ ಅವನ ಕವಿತೆ ಮುಗಿಯುತ್ತದೆ. ಕವಿ ಎಲ್ಲಿ ಎಂದು ಹುಡುಕಿದರೆ ಸಿಗುವುದಿಲ್ಲ.

ಹೆಂಡದ ಹಾದಿ ಹಿಡಿದವನು ಲಿ ಬಾಯ್, ಹಳೆಯ ಪುಸ್ತಕಗಳ ಲಿ ಪೊ. 701ರಲ್ಲಿ ಹುಟ್ಟಿದ್ದು, ಮಧ್ಯ ಏಷ್ಯಾದ ಸುಯಾಬ್‌ನಲ್ಲಿ ಎಂದು ಹಲವರ ಮತ, ಬೆಳೆದದ್ದು ಸಿಚುವಾನ್‌ನಲ್ಲಿ. 742ರಲ್ಲಿ ಚಕ್ರವರ್ತಿ ಚಾಂಗಾನ್‌ಗೆ ಕರೆಸಿಕೊಂಡ. ಅಲ್ಲಿ ಹಿರಿಯ ಕವಿ ಹೆ ಜಿಜಾಂಗ್ ಅವನನ್ನು ಸ್ವರ್ಗದಿಂದ ಗಡೀಪಾರಾಗಿ ಬಂದ ದೇವತೆ ಎಂದು ಕರೆದು, ತನ್ನ ಸೊಂಟದ ಚಿನ್ನದ ಆಮೆಯ ಲಾಂಛನವನ್ನೇ ಬಿಚ್ಚಿಕೊಟ್ಟು ಹೆಂಡ ಕುಡಿಸಿದ. ಎರಡೇ ವರ್ಷಕ್ಕೆ ಆಸ್ಥಾನ ಅವನಿಗೆ ಸಾಕಾಯಿತು, ಅವನೂ ಆಸ್ಥಾನಕ್ಕೆ ಸಾಕಾದ. 744ರಲ್ಲಿ ಹೊರಬಿದ್ದವನಿಗೆ ಲುವೊಯಾಂಗ್‌ನಲ್ಲಿ ಕವಿ ದು ಫು ಸಿಕ್ಕ. ಹನ್ನೊಂದು ವರ್ಷ ಚಿಕ್ಕವನಾದ ದು ಫು ಈ ಗೆಳೆಯನನ್ನು ಸಾಯುವತನಕ ಮರೆಯಲಿಲ್ಲ. 755ರಲ್ಲಿ ಆನ್ ಲುಷಾನ್‌ನ ದಂಗೆ ಎದ್ದು ಮರುವರ್ಷ ಚಾಂಗಾನ್ ಬಿತ್ತು. ಗೊಂದಲದಲ್ಲಿ ಲಿ ಬಾಯ್ ಒಬ್ಬ ರಾಜಕುಮಾರನ ಪಕ್ಷ ಸೇರಿ, ಆ ಪಕ್ಷ ಸೋತು, ಸೆರೆಯಾಗಿ, ದೂರದ ಯೆಲಾಂಗ್‌ಗೆ ಗಡೀಪಾರಾದ. 759ರಲ್ಲಿ ದಾರಿಯಲ್ಲಿರುವಾಗಲೇ ಕ್ಷಮೆ ಬಂತು. 762ರಲ್ಲಿ ಬಂಧುವಿನ ಮನೆಯಲ್ಲಿ ತೀರಿಕೊಂಡ. ಜನ ಮಾತ್ರ ಅವನನ್ನು ಹಾಸಿಗೆಯಲ್ಲಿ ಸಾಯಲು ಬಿಡಲಿಲ್ಲ. ಕುಡಿದ ಮತ್ತಿನಲ್ಲಿ ನದಿಯೊಳಗಿನ ಚಂದ್ರನನ್ನು ಅಪ್ಪಲು ಹೋಗಿ ಮುಳುಗಿದ ಎಂಬ ಕಥೆಯನ್ನೇ ಉಳಿಸಿಕೊಂಡರು. ಅವನ ಅತಿ ಪ್ರಸಿದ್ಧ ಕವಿತೆಯೊಂದರಲ್ಲಿ ಅವನು ಒಬ್ಬನೇ ಕೂತು ಕುಡಿಯುತ್ತಾನೆ. ಜೊತೆಗೆ ಯಾರೂ ಇಲ್ಲ. ಆಕಾಶದ ಚಂದ್ರನನ್ನು ಕರೆಯುತ್ತಾನೆ, ತನ್ನ ನೆರಳನ್ನು ಲೆಕ್ಕಕ್ಕೆ ಸೇರಿಸುತ್ತಾನೆ, ಮೂವರಾಗುತ್ತಾರೆ. ಒಂಟಿತನವನ್ನು ಇಷ್ಟು ಸಣ್ಣ ಲೆಕ್ಕದಲ್ಲಿ ಹೇಳಿದ ಕವಿತೆ ಇನ್ನೊಂದನ್ನು ನಾನು ಕಾಣೆ.

ಈ ಕಾವ್ಯದಲ್ಲಿ ಭಾರತದ ಪಾಲು ಎಷ್ಟು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತಾಂಗ್ ಕಾಲದ ಬಿಗಿಯಾದ ಛಂದಸ್ಸಿಗೆ ಬುನಾದಿಯಾದ ಸ್ವರದ ನಿಯಮಗಳು ಸಂಸ್ಕೃತ ಛಂದಸ್ಸಿನ ಗುರು-ಲಘುಗಳನ್ನು ಕಂಡು ರೂಪುಗೊಂಡವು ಎಂದು ವಿಕ್ಟರ್ ಮೇರ್ ಮತ್ತು ಮೇ ತ್ಸು-ಲಿನ್ 1991ರಲ್ಲಿ ವಾದಿಸಿದರು. ಅದು ಚೀನೀ ಭಾಷೆಯೊಳಗಿನದೇ ಬೆಳವಣಿಗೆ ಎನ್ನುವವರೂ ಇದ್ದಾರೆ. ಬೆಟ್ಟದ ಒಲವು ಬೌದ್ಧರದೋ ತಾವೊ ಪಂಥದವರದೋ ಎಂಬ ತಗಾದೆಯೂ ಹಳೆಯದು. ಫಾಹಿಯಾನ್‌ನಿಂದ ಷಿಯೆ ಲಿಂಗ್‌ಯುನ್‌ಗೆ ಹೋದ ಆ ನೆರಳಿನ ಕಥೆ ಮಾತ್ರ ಇಬ್ಬರ ಬರಹದಲ್ಲೂ ಇದೆ.

ಇನ್ನೊಂದು ತಕರಾರು ನಮ್ಮ ಕಥೆಗೆ ಇನ್ನೂ ಹತ್ತಿರದ್ದು. ಲಿ ಬಾಯ್ ‘ರೊಮ್ಯಾಂಟಿಕ್’ ಕವಿ ಎಂದು ಇವತ್ತು ಚೀನಾದ ಪಠ್ಯಪುಸ್ತಕಗಳು ಹೇಳುತ್ತವೆ. ತಾಂಗ್ ಕಾಲದಲ್ಲಿ ಈ ಮಾತೇ ಇರಲಿಲ್ಲ. ಯೂರೋಪಿನ ಪದ ಜಪಾನಿಗೆ ಬಂದು, ಅಲ್ಲಿ ಅಲೆ ಮತ್ತು ಉಕ್ಕುವಿಕೆಯ ಅರ್ಥದ ಎರಡು ಅಕ್ಷರ ತೊಟ್ಟು, ಲಾಂಗ್‌ಮಾನ್ ಎಂದು ಚೀನಾಕ್ಕೆ ದಾಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಗುವೊ ಮೊರುವೊ 1921ರಲ್ಲಿ ತನ್ನ ಹೊಸ ಕವಿತೆಗಳನ್ನು ತಂದಾಗ ಟ್ಯಾಗೋರ್, ವಿಟ್ಮನ್, ಗಯಟೆ ಅವನ ಹಿಂದಿದ್ದರು. ಕೇಂಬ್ರಿಜ್‌ನಲ್ಲಿ ಓದಿ ಬಂದ ಷು ಜಿಮೊ 1924ರ ಏಪ್ರಿಲ್‌ನಲ್ಲಿ ಟ್ಯಾಗೋರ್ ಚೀನಾಕ್ಕೆ ಬಂದಾಗ ಅವರ ದುಭಾಷಿಯಾಗಿ ಊರೂರು ಸುತ್ತಿದ. ಅವನ ಬಳಗಕ್ಕೆ ಟ್ಯಾಗೋರರ ಕವನ ಸಂಗ್ರಹವನ್ನು ನೆನಪಿಸುವ ಬಿದಿಗೆ ಚಂದ್ರನ ಹೆಸರು. ಇಂಗ್ಲಿಷ್ ಕವಿಗಳನ್ನು ಓದಿದ ಕಣ್ಣಿನಿಂದ ಈ ಹುಡುಗರು ತಿರುಗಿ ನೋಡಿದಾಗ, ಸಾವಿರದಿನ್ನೂರು ವರ್ಷ ಹಿಂದಿನ ತಮ್ಮ ಕುಡುಕ ಕವಿ ಅವರಿಗೆ ರಮ್ಯ ಕವಿಯಾಗಿ ಕಂಡ.

ಅದೇ 1924ರಲ್ಲಿ ಮೈಸೂರಿನಲ್ಲಿ ಇಪ್ಪತ್ತರ ಹರೆಯದ ಒಬ್ಬ ಹುಡುಗ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡ. ನಿನ್ನ ಭಾಷೆಯಲ್ಲಿ ಬರೆ ಎಂದರು ಕಸಿನ್ಸ್. ಹುಡುಗ ಕುವೆಂಪು ಆದದ್ದು ನಾಡಿಗೆಲ್ಲ ಗೊತ್ತು. ಎರಡು ವರ್ಷದ ನಂತರ, 1926ರಲ್ಲಿ, ‘ಶ್ರೀ’ ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂತು. ಅದಕ್ಕೂ ಮುನ್ನ, 1911ರಲ್ಲಿ, ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸದ ಕಟ್ಟನ್ನು ಬಿಚ್ಚಿಹಾಕಿದ್ದರು. ಶ್ರೀಯವರು ಛಂದಸ್ಸಿಗೆ ಹೊಸ ಲಯ ಕೊಟ್ಟರು. ಕಟ್ಟು ಬಿಚ್ಚಿದ್ದು, ಲಯ ಬಂದದ್ದು, ಹೇಳುವುದಕ್ಕೆ ಹುಡುಗರು ಸಿದ್ಧರಿದ್ದದ್ದು, ಮೂರೂ ಕೂಡಿದಾಗ ನವೋದಯವಾಯಿತು. 1930ರಲ್ಲಿ ಕುವೆಂಪು ಅವರ ‘ಕೊಳಲು’, 1932ರಲ್ಲಿ ಬೇಂದ್ರೆಯವರ ‘ಗರಿ’, 1933ರಲ್ಲಿ ಪು.ತಿ.ನ. ಅವರ ‘ಹಣತೆ’.

ಅದಕ್ಕೆ ಮುಂಚೆ ಕನ್ನಡದಲ್ಲಿ ನಿಸರ್ಗ ಇರಲಿಲ್ಲವೇ ಎಂದರೆ, ಧಾರಾಳವಾಗಿತ್ತು. ಪಂಪನಿಗೆ ಬನವಾಸಿಯ ನೆನಪು ಬಂದದ್ದು 941ರಷ್ಟು ಹಿಂದೆ. ಅಕ್ಕಮಹಾದೇವಿ ಕಾಡಿನ ಹಕ್ಕಿಗಳನ್ನು ಮಾತನಾಡಿಸಿದ್ದಳು. ಆದರೆ ಮಾರ್ಗಕಾವ್ಯಕ್ಕೆ ಒಂದು ಪಟ್ಟಿ ಇತ್ತು: ಅಷ್ಟಾದಶ ವರ್ಣನೆ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಸೂರ್ಯೋದಯ, ವನವಿಹಾರ, ಜಲಕ್ರೀಡೆ. ಮಹಾಕಾವ್ಯ ಎನಿಸಿಕೊಳ್ಳಲು ಕವಿ ಇವನ್ನು ವರ್ಣಿಸಲೇಬೇಕು. ಆ ಪಟ್ಟಿಯಲ್ಲಿ ಮಧುಪಾನವೂ ಇದೆ. ಚೀನಾದಲ್ಲಿ ಬೆಟ್ಟ ಮತ್ತು ಹೆಂಡ ಒಟ್ಟಿಗೆ ಬಂದಂತೆ ನಮ್ಮಲ್ಲೂ ಒಂದೇ ಸಾಲಿನಲ್ಲಿ ಬಂದಿದ್ದವು. ವ್ಯತ್ಯಾಸವೆಂದರೆ ಇಲ್ಲಿ ಕುಡಿಯುವವರು ನಾಯಕ ನಾಯಿಕೆಯರು, ವೇಶ್ಯಾವಾಟಿಕೆಯ ವಿಟರು. ಕವಿ ದೂರ ನಿಂತು ವರ್ಣಿಸುತ್ತಾನೆ. ಕುಡಿದವನೇ ಕವಿತೆ ಹೇಳುವುದು, ಕುಡಿದವನ ಕಣ್ಣಿಗೆ ಬೆಳಗು ಕಾಣುವುದು, ಇದು ಪಟ್ಟಿಯಲ್ಲಿ ಇರಲಿಲ್ಲ.

ನವೋದಯದವರು ಪಟ್ಟಿಯನ್ನು ಹರಿದರು. ಬೆಟ್ಟ ನೋಡುವಾಗ ನನಗೇನಾಯಿತು ಎಂದು ಹೇಳತೊಡಗಿದರು. ಆದರೂ ನೋಡುವವನು ಯಾರು ಎಂದು ಕೇಳಿದರೆ, ಓದಿದವನು. ಸೂರ್ಯೋದಯಕ್ಕೆ ಕೈಮುಗಿದವನು ಕಾಲೇಜಿನಿಂದ ಬಂದವನು. ಅವನ ಕನ್ನಡ ಎತ್ತರದ ಕನ್ನಡ. ಬೇಂದ್ರೆಯವರು ಧಾರವಾಡದ ಆಡುಮಾತನ್ನು ತಂದು ಈ ಎತ್ತರವನ್ನು ಒಂದು ಕಡೆಯಿಂದ ಇಳಿಸಿದರು. ಇನ್ನೊಂದು ಕಡೆಯಿಂದ, ಮೈಸೂರು ಸೀಮೆಯ ಕಡೆಯಿಂದ, ಇಳಿಸಿದವರು ರಾಜರತ್ನಂ.

ಶ್ರೀಯವರೂ ಟಿ.ಎಸ್. ವೆಂಕಣ್ಣಯ್ಯನವರೂ ಕನ್ನಡಕ್ಕೆ ಜೀವ ತುಂಬುತ್ತಿದ್ದ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಎಂ.ಎ. ಮುಗಿಸಿದ್ದು 1931ರಲ್ಲಿ. ಕನ್ನಡ ಎಂ.ಎ. ಓದಿದವರಿಗೆ ಕೆಲಸ ಸುಲಭವಾಗಿ ಸಿಗುವ ಕಾಲವಲ್ಲ ಅದು. ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು, ಮಕ್ಕಳಿಗಾಗಿ ಹಾಡು ಕಟ್ಟಿದರು. ಕಾಲೇಜಿನ ಕನ್ನಡ ಪಂಡಿತರಾದದ್ದು 1938ರಲ್ಲಿ. ಆ ಅಲೆದಾಟದ ವರ್ಷಗಳಲ್ಲಿ ಹುಟ್ಟಿದವನು ರತ್ನ. ಸ್ವತಃ ಕುಡಿತದ ಹತ್ತಿರ ಸುಳಿಯದ, ಶ್ರೀವೈಷ್ಣವ ಮನೆತನದ ಯುವಕನೊಬ್ಬ ಪಡಖಾನೆಯ ಕುಡುಕನ ಬಾಯಲ್ಲಿ ಮಾತನಾಡಿದ. ಪುಸ್ತಕದ ಹೆಸರೇ ‘ಎಂಡ್ಕುಡ್ಕ ರತ್ನ’. ‘ಹೆಂಡ’ದ ಹಕಾರ ಹೋಯಿತು, ಮಹಾಪ್ರಾಣಗಳು ಹೋದವು, ಎರಡು ಮಾತಿನ ನಡುವಿನ ಸ್ವರಗಳು ನುಂಗಿಹೋದವು. ಮೈಸೂರು ಸೀಮೆಯ ಸಂತೆಯಲ್ಲಿ, ಹೊಲದ ಬದುವಿನಲ್ಲಿ, ಈಚಲ ಮರದ ಬುಡದಲ್ಲಿ ಕೇಳುವ ಕನ್ನಡ ಅಚ್ಚಿನ ಮೊಳೆಗೆ ಬಂತು. ರತ್ನನಿಗೆ ಪುಟ್ನಂಜಿ ಎಂಬ ಹೆಂಡತಿ, ಕೈಯಲ್ಲಿ ಹೆಂಡ, ನಾಲಗೆಯಲ್ಲಿ ಕನ್ನಡ. ಅವನಿಗೆ ಬೇರೆ ಆಸ್ತಿಯಿಲ್ಲ.

ಮಡಿಕೇರಿಯ ಮಂಜಿನ ಪದವನ್ನು ಅವನು ಹಾಡುವುದು ಈ ಕನ್ನಡದಲ್ಲಿ. ರಾಜರತ್ನಂ ಅವರ ಸಾಧನೆಯ ಶಿಖರ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳಗಿನ ಜಾವದ ಮಂಜು ಭೂಮಿಯನ್ನು ಅಪ್ಪಿಕೊಂಡಿದೆ. ಹಳ್ಳ ಯಾವುದು ದಿಣ್ಣೆ ಯಾವುದು ಕಾಣುವುದಿಲ್ಲ, ಎಲ್ಲ ಸಮ. ಬೆಳ್ಳಿ ಬಳಿದ ದಾರಿಯ ಹಾಗೆ ಅದು ಹಬ್ಬಿದೆ. ಬಳಸಿದ ಹೋಲಿಕೆಗಳು ಒಂದೂ ಕಾವ್ಯದ ಕಣಜದಿಂದ ಬಂದವಲ್ಲ. ರಸ್ತೆಯಲ್ಲಿ ನಡೆದು ಬದುಕುವವನಿಗೆ ಕೈಗೆ ಎಟುಕುವ ಹೋಲಿಕೆಗಳು. ಮಾತು ಮೊಟಕಾದ್ದರಿಂದ ಲಯ ಬಿಗಿಯಾಯಿತು: ವ್ಯಂಜನಗಳು ಒತ್ತಿಕೊಂಡು ಬಂದು, ಹೆಜ್ಜೆ ಹಾಕಿದಂತೆ ಸಾಲು ಸಾಗುತ್ತದೆ. ಪ್ರತಿ ಬಾರಿ ಮಂಜಿಗೇ ಬಂದು ನಿಲ್ಲುತ್ತದೆ. ಓದುವವನು ಅಷ್ಟರಲ್ಲಿ ಕುಡುಕನನ್ನು ಮರೆತಿರುತ್ತಾನೆ. ಮಂಜನ್ನು ನೋಡುತ್ತಿರುವುದು ಯಾರು ಎಂಬುದು ಕೊನೆಗೆ ಹೊಳೆದಾಗ ಎದೆ ಒಂದು ಕ್ಷಣ ನಿಲ್ಲುತ್ತದೆ. ಇಷ್ಟು ಚೆಲುವನ್ನು ನೋಡುವ ಕಣ್ಣು ಇವನಿಗೂ ಇದೆ ಎಂದು ಕನ್ನಡದ ಎತ್ತರದ ಕಾವ್ಯ ಅದುವರೆಗೆ ಒಪ್ಪಿರಲಿಲ್ಲ.

ಲಿ ಬಾಯ್ ನೆನಪಾಗುವುದು ಇಲ್ಲಿ. ಇದು ಪ್ರಭಾವದ ಮಾತಲ್ಲ, ಹೋಲಿಕೆಯ ಮಾತು. ಇಬ್ಬರಲ್ಲೂ ಹೆಂಡ ಮನುಷ್ಯನ ಮೇಲಿನ ಪದವಿಯನ್ನು ಕಳಚುತ್ತದೆ, ಕಳಚಿದ ಮೇಲೆ ನಿಸರ್ಗ ಎದುರಿಗೆ ಬರುತ್ತದೆ. ಆದರೆ ಲಿ ಬಾಯ್ ಕಳಚಿದ್ದು ಆಸ್ಥಾನದ ಪದವಿ. ತಾವೊ ಯುವಾನ್‌ಮಿಂಗ್ ಬಿಟ್ಟದ್ದು ಅಧಿಕಾರಿಯ ಸಂಬಳ. ಅವರಿಗೆ ಬಿಡುವುದಕ್ಕೆ ಏನೋ ಇತ್ತು. ರತ್ನನಿಗೆ ಬಿಡುವುದಕ್ಕೆ ಏನೂ ಇರಲಿಲ್ಲ. ಕಳಚಬೇಕಾಗಿದ್ದು ಕವಿಗೆ, ರಾಜರತ್ನಂ ಅವರಿಗೆ: ಪಾಂಡಿತ್ಯ, ಜಾತಿ, ಗ್ರಂಥದ ಕನ್ನಡ. ಅದನ್ನು ಅವರು ಕುಡಿಯದೆ, ಮಾತಿನಲ್ಲೇ ಮಾಡಿದರು.

ಅದು ನಿಜವಾಗಿಯೂ ಆಯಿತೇ ಎಂದು ಕೇಳುವವರಿದ್ದಾರೆ. ಮೇಲ್ಜಾತಿಯ ಓದಿದವರೊಬ್ಬರು ದುಡಿಯುವವನ ನಾಲಗೆಯನ್ನು ಎರವಲು ಪಡೆದರು, ಅವನನ್ನು ಕುಡುಕನಾಗಿಯೇ ತೋರಿಸಿದರು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹೆಂಡದಿಂದ ಹಾಳಾದ ಮನೆಗಳನ್ನು ಕಂಡವರಿಗೆ ರತ್ನನ ಸಂತೋಷ ನೋವು ಕೊಟ್ಟರೆ ಅದೂ ನ್ಯಾಯವೇ. ಆದರೆ ನಗಿಸುವುದಷ್ಟೇ ಉದ್ದೇಶವಾಗಿದ್ದರೆ ಮಂಜಿನ ಪದ ಹುಟ್ಟುತ್ತಿರಲಿಲ್ಲ. ಆ ಪದದಲ್ಲಿ ರತ್ನ ಯಾರನ್ನೂ ನಗಿಸುವುದಿಲ್ಲ, ನೋಡುತ್ತಾನೆ, ಅಷ್ಟೇ. ಆ ನೋಟವನ್ನು ರಾಜರತ್ನಂ ತಮ್ಮದೆಂದು ಇಟ್ಟುಕೊಳ್ಳಬಹುದಿತ್ತು. ರತ್ನನಿಗೆ ಕೊಟ್ಟರು.

ಅದೇ ರಾಜರತ್ನಂ ಪಾಲಿ ಕಲಿತು, ಬುದ್ಧನ ಜಾತಕ ಕಥೆಗಳನ್ನು ಕನ್ನಡಕ್ಕೆ ತಂದರು. ಜೈನ ಗ್ರಂಥಗಳ ಮೇಲೆಯೂ ಶ್ರಮಪಟ್ಟರು. ಚೀನಾದ ಯಾತ್ರಿಕರ ಬಗ್ಗೆ ಬರೆದರು. ಷಾನ್-ಷುಯ್ ಕಾವ್ಯದ ತೊಟ್ಟಿಲಿಗೆ ಬುದ್ಧನ ನೆರಳನ್ನು ಹೊತ್ತುಹೋದ ಆ ಯಾತ್ರೆಯ ಲೋಕ ಅವರ ಮೇಜಿನ ಮೇಲಿತ್ತು, ಕುಡುಕನ ಕಣ್ಣಿನ ಮಂಜೂ ಅದೇ ಮೇಜಿನ ಮೇಲಿತ್ತು. ನಡುವೆ ಲಿ ಬಾಯ್ ನಿಂತಿದ್ದ. ಇಂಗ್ಲಿಷಿನಲ್ಲಿ ಎಜ್ರಾ ಪೌಂಡ್ 1915ರಲ್ಲಿ, ಆರ್ಥರ್ ವೇಲಿ 1918ರಲ್ಲಿ ಚೀನೀ ಕವಿತೆಗಳನ್ನು ತಂದು, ಆ ಭಾಷೆಯ ಕಾವ್ಯದ ದಿಕ್ಕನ್ನೇ ತಿರುಗಿಸಿದ್ದರು. ನಮ್ಮ ನವೋದಯ ವರ್ಡ್ಸ್‌ವರ್ತ್, ಶೆಲ್ಲಿಯರ ದಾರಿಯಲ್ಲಿ ಬಂತು. ಬೀಜಿಂಗಿನ ಹುಡುಗರೂ ಅದೇ ದಾರಿಯಲ್ಲಿ ಬಂದರು. ನೆರೆಯ ಇಬ್ಬರು ಒಬ್ಬರನ್ನೊಬ್ಬರು ನೋಡಲು ಲಂಡನ್ನಿನ ಕಿಟಕಿಗೆ ಹೋಗಬೇಕಾಯಿತು. ಇದು ಆ ಕಾಲದ ದೊಡ್ಡ ನಷ್ಟ ಎಂದೇ ನಾನು ಎಣಿಸುತ್ತೇನೆ.

ಈ ಸೀಮೆಗೆ ಚೀನಾ ಅಪರಿಚಿತವೇನಲ್ಲ. ಕಾಳಿದಾಸನ ಕಾಲಕ್ಕೇ ರೇಷ್ಮೆ ಬಟ್ಟೆಗೆ ಚೀನಾಂಶುಕ ಎಂದು ಹೆಸರು. ಟಿಪ್ಪು ಮೈಸೂರು ಸೀಮೆಗೆ ತಂದು ನೆಲೆಗೊಳಿಸಿದ ರೇಷ್ಮೆ ಹುಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಮನೆಮನೆಯ ಬದುಕಾಯಿತು. ರತ್ನನ ಪದಗಳು ಹುಟ್ಟುತ್ತಿದ್ದ ಆ ವರ್ಷಗಳಲ್ಲೇ ಚೀನಾ, ಜಪಾನಿನ ಅಗ್ಗದ ರೇಷ್ಮೆ ನುಗ್ಗಿ ಮೈಸೂರಿನ ರೇಷ್ಮೆ ಬೆಳೆಗಾರರು ಕಂಗಾಲಾದರು. 1934ರಲ್ಲಿ ಸುಂಕದ ರಕ್ಷಣೆ ಬಂತು. ಇವತ್ತಿಗೂ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಧಾರಣೆ ಕುಸಿದ ದಿನ ಚೀನಾ ರೇಷ್ಮೆಯ ಮಾತು ಬರುತ್ತದೆ. ನೂಲು ಬಂತು, ಪೈಪೋಟಿ ಬಂತು. ಕವಿತೆ ಬರಲಿಲ್ಲ.

ರತ್ನ ಮುಂದೆ ಪುಸ್ತಕದಿಂದ ಇಳಿದು ಹಾಡಾದ. ಮೈಸೂರು ಅನಂತಸ್ವಾಮಿ ಅವರ ದನಿಯಲ್ಲಿ, ಆಮೇಲೆ ಮಗ ರಾಜು ಅನಂತಸ್ವಾಮಿ ಅವರ ದನಿಯಲ್ಲಿ, ಓದು ಬಾರದವರ ಕಿವಿಗೂ ತಲುಪಿದ. ಆ ಕನ್ನಡ ಯಾರಿಂದ ಬಂದಿತ್ತೋ ಅವರಿಗೇ ಮರಳಿತು. ರತ್ನನ ಪದಗಳು ಆಡುಮಾತಿಗೆ ತಂದ ಮರ್ಯಾದೆಯ ಫಲ ಆಮೇಲೆ ಎಷ್ಟೋ ಜನರಿಗೆ ದಕ್ಕಿತು. ಹಳ್ಳಿಯ ಕನ್ನಡದಲ್ಲಿ ಕವಿತೆ, ಕಥೆ ಬರೆಯಹೊರಟವನು ಇನ್ನು ಕ್ಷಮೆ ಕೇಳಬೇಕಾಗಿರಲಿಲ್ಲ.

ರಾಮನಗರದ ಬಂಡೆಗಳಿಗೂ ಬೇರೆ ಕೀರ್ತಿ ಬಂತು. 1975ರಲ್ಲಿ ‘ಶೋಲೆ’ ತೆರೆಕಂಡ ಮೇಲೆ ಇವು ದರೋಡೆಕೋರನ ಬಂಡೆಗಳೆಂದು ದೇಶಕ್ಕೆಲ್ಲ ಗೊತ್ತಾದವು. ರಾಮದೇವರ ಬೆಟ್ಟದ ರಣಹದ್ದುಗಳಿಗೆ 2012ರಲ್ಲಿ ಧಾಮವಾಯಿತು. ಹೆದ್ದಾರಿಯ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು 1994ರಲ್ಲಿ ಜಾನಪದ ಲೋಕ ಕಟ್ಟಿದರು. ಅವರೂ ಎರಡು ಕೆಲಸ ಮಾಡಿದವರು: ಒಂದು ಕೈಯಲ್ಲಿ ಓದು ಬಾರದವರ ಹಾಡು, ಕಥೆ, ವಸ್ತುಗಳನ್ನು ಕೂಡಿಹಾಕಿದರು; ಇನ್ನೊಂದು ಕೈಯಲ್ಲಿ, ಈ ದೇಶಕ್ಕೆ ಬಂದ ಪರದೇಶದ ಪ್ರವಾಸಿಗಳ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ನೆಲದ ಮಾತು, ದೂರದ ಯಾತ್ರಿಕ: ರಾಜರತ್ನಂ ಅವರ ಮೇಜಿನ ಮೇಲಿದ್ದ ಜೋಡಿ ಅದೇ ಊರಿನ ಪಕ್ಕದಲ್ಲಿ ಮತ್ತೊಮ್ಮೆ ಕೂಡಿತು.

ರಾಜರತ್ನಂ 1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮರುವರ್ಷ ಮಾರ್ಚ್ 13ರಂದು ತೀರಿಕೊಂಡರು.

ಇವತ್ತು ಚೀನೀ ಭಾಷೆ ಕಲಿಯುವ ಕನ್ನಡದ ಹುಡುಗ ಹುಡುಗಿಯರು ಇದ್ದಾರೆ; ವ್ಯಾಪಾರಕ್ಕೆ, ಓದಿಗೆ, ಕೆಲಸಕ್ಕೆ ಕಲಿಯುತ್ತಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ಲಿ ಬಾಯ್‌ನನ್ನು ಇಂಗ್ಲಿಷಿನ ಮೂಲಕ ತರಬೇಡಿ, ನೇರವಾಗಿ ತನ್ನಿ. ತರುವಾಗ ಗ್ರಂಥದ ಕನ್ನಡ ಹುಡುಕಬೇಡಿ. ಒಬ್ಬನೇ ಕೂತು ಚಂದ್ರನನ್ನು ಕರೆಯುವ ಆ ಕುಡುಕನಿಗೆ ಬೇಕಾದ ಕನ್ನಡವನ್ನು ಕ್ಲೋಸ್‌ಪೇಟೆಯಲ್ಲಿ ಹುಟ್ಟಿದವರೊಬ್ಬರು ತೊಂಬತ್ತು ವರ್ಷದ ಹಿಂದೆಯೇ ಮಾಡಿಟ್ಟಿದ್ದಾರೆ.